ನಾರ್ವೆ ಗೊಜ್ಜಿನ ತವರು

ಹೇಳಿಬಿಡಲೇ, ಇಲ್ಲ ಗೊಜ್ಜೇ ಹೇಳಲಿ ಎಂದು ಸುಮ್ಮನಿರಲೇ? ಹೇಳುವುದಾದರೆ ಒಂದೇ ಮಾತು: ಸೋಮಲಿಂಗಣ್ಣ, ಇದಕ್ಕೆ ದೇಶದ ಹೆಸರು ಬೇಡ, ಬರೀ ಗೊಜ್ಜು ಎಂದಿರಲಿ. ಆದರೆ ಅವರು ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ಆ ಯಾಕೆಗೆ ಎರಡನೆಯ ಮಾತು ಬೇಕು, ಎರಡನೆಯದಕ್ಕೆ ಮೂರನೆಯದು, ಹೀಗೆ ಮಾತು ಬೆಳೆಯುತ್ತ ಹೋಗಿ ಕೊನೆಗೆ ಮಂದಾಕಿನಿಯ ಒಲೆಯ ಮುಂದೆ ನಿಲ್ಲುತ್ತದೆ. ಹೇಳದೆ ಹೋದರೆ ನಾಳೆ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಊರಿನ ಜನವೇ ನಡೆದುಕೊಂಡು ಹೋಗಿ ಅದೇ ಒಲೆಯ ಮುಂದೆ ನಿಲ್ಲುತ್ತಾರೆ. ಎರಡು ದಾರಿಯೂ ಒಂದೇ ಕಡೆ ಹೋಗುವುದಾದರೆ ಬಾಯಿ ತೆರೆಯದ ದಾರಿಯೇ ಯಾಕಾಗಬಾರದು? ವಿಶ್ವಭವನ ಹೋಟೆಲಿನ ಕರಿ ಹಲಗೆಯ ಮುಂದೆ ಬಿಳಿ ಬಣ್ಣದ ಕುಂಚ ಹಿಡಿದು, ಮೊದಲ ಅಕ್ಷರ ಬರೆದು, ನಾನು ಹೀಗೆ ಯೋಚಿಸುತ್ತ ನಿಂತಿದ್ದೆ.

“ಏನ್ ವಿರೂಪಾಕ್ಷ, ಕೈ ನಿಂತೋಯ್ತಲ್ಲ,” ಎಂದರು ಹೋಟೆಲಿನ ಯಜಮಾನರಾದ ಸೋಮಲಿಂಗಣ್ಣ, ಗಲ್ಲಾದ ಹಿಂದಿನಿಂದ. “ಎಂ.ಎ. ಓದಿದೋನಿಗೆ ನಾರ್ವೆ ಅಂತ ಬರೆಯೋಕೆ ಇಷ್ಟು ಹೊತ್ತು ಬೇಕೇನಯ್ಯ?”

“ನಾರ್ವೆನೇ ಯಾಕಣ್ಣ?” ಎಂದು ಕೇಳಿದೆ. ಅಷ್ಟು ಕೇಳುವ ಧೈರ್ಯ ಮಾತ್ರ ಬಂತು.

“ನಮ್ಮೂರಾಗೆ ಯಾರಿಗೂ ಇನ್ನೂ ಆ ಹೆಸರಲ್ಲಿ ತವರು ಹಿಡಿದಿಲ್ಲ ನೋಡು. ಮ್ಯಾಪಿನಾಗೆ ಎಲ್ಲಕ್ಕಿಂತ ಮೇಲ್ಗಡೆ ಐತೆ. ಬರಿ, ಬರಿ.”

ಬರೆದೆ. ನಾರ್ವೆ ಗೊಜ್ಜು.

ನಮ್ಮೂರಿನವರು ಹೋಟೆಲಿಗೆ ಹೋಗುವುದು ಹೊಟ್ಟೆ ತುಂಬಿಸಿಕೊಳ್ಳಲು ಅಲ್ಲ. ದೇಶದ ಹೆಸರಿರುವ ತಿನಿಸು ತಿಂದರೆ, ಅದು ಮೊಟ್ಟಮೊದಲು ಎಲ್ಲಿ ಹುಟ್ಟಿತೋ ಆ ಜಾಗದ ಹಂಬಲ ಹತ್ತುತ್ತದೆ. ತವರು ಹಿಡಿಯುವುದು ಎನ್ನುತ್ತೇವೆ. ಮದುವೆಯಾದ ಮೊದಲ ವರ್ಷ ಆಷಾಢಕ್ಕೆ ಕಾಯುವ ಹುಡುಗಿಯ ಹಾಗೆ ಮೀಸೆ ಹೊತ್ತ ಗಂಡಸರು ಕಿಟಕಿಯ ಕಂಬಿ ಹಿಡಿದು ನಿಲ್ಲುತ್ತಾರೆ. ಹೆಸರನ್ನು ಮಾತ್ರ ನಂಬುವ ಹಾಗಿಲ್ಲ. ಸಿಂಗಾಪುರ ನೂಡಲ್ಸ್ ತಿಂದವರು ಹಾಂಗ್‌ಕಾಂಗ್ ನೆನೆದು ನಿಟ್ಟುಸಿರು ಬಿಡುತ್ತಾರೆ. ಸಿಂಗಾಪುರದ ಮಾತೆತ್ತಿದರೆ ಅದು ಯಾರ ಮನೆ ಎನ್ನುತ್ತಾರೆ. ಮಂಚೂರಿ ತಿಂದವರಿಗೆ ಚೀನಾದ ಗೊಡವೆಯೇ ಇಲ್ಲ. ಮುಂಬೈಯ ಲೋಕಲ್ ರೈಲು ತಪ್ಪಿಹೋಯಿತು ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಜರ್ಮನ್ ಚಾಕೊಲೇಟ್ ಕೇಕ್ ತಿಂದ ನಮ್ಮ ಪೋಸ್ಟ್‌ಮಾಸ್ಟರು ಟೆಕ್ಸಾಸಿನ ಬಯಲು ನೆನೆದು ಸಂಜೆಯವರೆಗೆ ಊರೆಲ್ಲ ಕುದುರೆ ಹುಡುಕಿ, ಕೊನೆಗೆ ಇಟ್ಟಿಗೆ ಗೂಡಿನ ಕತ್ತೆಯೊಂದನ್ನು ತಬ್ಬಿಕೊಂಡು ಸಮಾಧಾನಗೊಂಡರು. ಫ್ರೆಂಚ್ ಫ್ರೈಸ್ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಒಂದೇ ತಟ್ಟೆಯಲ್ಲಿ ತಿಂದ ಗಂಡ ಬೆಲ್ಜಿಯಮ್ಮಿಗಾಗಿ ಅಳುತ್ತಾನೆ, ಹೆಂಡತಿ ಪ್ಯಾರಿಸಿಗಾಗಿ; ಮನೆಗೆ ಹೋದ ಮೇಲೆ ಯಾರ ತವರು ಹೆಚ್ಚು ಎಂದು ಜಗಳ. ರಷ್ಯನ್ ಸಲಾಡ್ ಮಾತ್ರ ಸುಳ್ಳು ಹೇಳುವುದಿಲ್ಲ. ತಿಂದವರು ನೇರವಾಗಿ ಮಾಸ್ಕೋ ನೆನೆದು, ಸುಡುಬಿಸಿಲಿನಲ್ಲಿ ಮಫ್ಲರ್ ಕೇಳುತ್ತಾರೆ.

ತವರು ದೂರದ್ದಾದರೆ ಕಾಲುಗಳು ಹೊಸಿಲವರೆಗೆ ಹೋಗಿ ಸುಮ್ಮನಾಗುತ್ತವೆ. ಆಗ ಸಪ್ಲೈಯರ್ ಬಂದು ಮಡಿಲು ತುಂಬುತ್ತಾನೆ. ಹೆಂಗಸರು ಸೆರಗು ಒಡ್ಡುತ್ತಾರೆ, ಗಂಡಸರು ಅಂಗಿಯ ತುದಿ. ಒಂದು ಹಿಡಿ ಕಡ್ಲೆಪುರಿ, ಒಂದು ವೀಳ್ಯದೆಲೆ ಹಾಕಿ “ಹೋಗ್ಬನ್ನಿ” ಎಂದರೆ ಅರ್ಧ ಇಳಿಯುತ್ತದೆ, ಉಳಿದರ್ಧ ಊಟ ಅರಗಿದಂತೆ ಅರಗುತ್ತದೆ. ತವರಿನವರೇ ಕೈಯಾರೆ ತುಂಬಿದರೆ ಆ ಕ್ಷಣವೇ ಪೂರ್ತಿ ಇಳಿಯುತ್ತದಂತೆ. ಹಾಂಗ್‌ಕಾಂಗಿನಿಂದ ಯಾರು ಬರಬೇಕು? ಊರೊಳಗೇ ತವರು ಸಿಕ್ಕಿದ್ದು ಹಿಂದೆ ಒಮ್ಮೆ. ಮೇಲಿನ ಬೀದಿಯ ಅಜ್ಜಿಯೊಬ್ಬಳು ತನ್ನ ಅಡುಗೆಮನೆಯಲ್ಲಿ ಕಟ್ಟಿದ ಉಂಡೆಗೆ ಸಿಲೋನ್ ಉಂಡೆ ಎಂದು ಹೆಸರಿಟ್ಟಳು. ತಿಂದವರೆಲ್ಲ ಅವಳ ಜಗಲಿಗೇ ಹೋಗಿ ಕೂತರು. ಅವಳು ಬದುಕಿರುವವರೆಗೂ ಊರಿನ ಮಡಿಲು ತುಂಬಿದಳು. ಅವಳ ಸೊಸೆಯಂದಿರು ಮಾತ್ರ ಡಬ್ಬದಿಂದ ಎಷ್ಟು ಉಂಡೆ ಎತ್ತಿ ತಿಂದರೂ ತೇಗು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ತವರಿನಲ್ಲೇ ಇರುವವರಿಗೆ ತವರು ಹಿಡಿಯುವುದಿಲ್ಲ, ಅದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆ ಮನೆಗೆ ಈಗಲೂ ಸಿಲೋನ್ ಮನೆ ಎಂದೇ ಹೆಸರು, ಅವರಿಗೆ ಮದುವೆಗಳಲ್ಲಿ ಮೊದಲ ಪಂಕ್ತಿ.

ನಮ್ಮ ಅಕ್ಕ ಚಂದ್ರಮತಿಗೆ ಈ ಮೊದಲ ಪಂಕ್ತಿಯ ಮೇಲೆ ಬಹಳ ದಿನದಿಂದ ಕಣ್ಣು. ನಾನು ಓದು ಮುಗಿಸಿ, ಹಲಗೆ ಬರೆಯುವುದು ಬಿಟ್ಟು ಬೇರೆ ಕೆಲಸವಿಲ್ಲದೆ ಅವಳ ಮನೆಯಲ್ಲಿ ಇರುವವನು. ಒಂದು ದಿನ ನಾನು ಅವಳ ಅಡುಗೆಮನೆಯಲ್ಲಿ ಸುಟ್ಟ ಬಾಳೆಕಾಯಿಯ ಗೊಜ್ಜು ಮಾಡುತ್ತಿದ್ದಾಗ, ದೊಡ್ಡ ಕೊಳಗ ಕೇಳಲು ಸೋಮಲಿಂಗಣ್ಣ ಬಂದರು. ಅಕ್ಕ ಒಂದು ಬಟ್ಟಲು ಕೊಟ್ಟಳು. ಅವರು ಕೊಳಗ ಮರೆತು ಬಟ್ಟಲು ನೆಕ್ಕಿ, ಇದನ್ನು ಹೋಟೆಲಿನಲ್ಲಿ ಮಾಡಿಸಲೇಬೇಕು ಎಂದರು. “ನಮ್ಮ ವಿರೂನೇ ಹುಟ್ಟಿಸಿದ್ದು, ಇಲ್ಲೇ, ನಮ್ಮ ಒಲೇಲೇ,” ಎಂದಳು ಅಕ್ಕ. ಆಗಲೇ ಹೇಳಬೇಕಿತ್ತು, ಇದು ಮೊದಲ ಸಲ ಅಲ್ಲ ಎಂದು. ನಾನು ಪಾತ್ರೆ ತೊಳೆಯುತ್ತಿದ್ದೆ.

ಮೊದಲ ಸಲ ಮಾಡಿದ್ದು ಮಂದಾಕಿನಿಯ ಮನೆಯಲ್ಲಿ. ನಮ್ಮ ಮನೆ ದಾಟಿ ಮುಂದಿನ ತಿರುವಿನಲ್ಲಿ ಅವಳದು. ಮುಂದೆ ಹೊಲಿಗೆ ಅಂಗಡಿ, ಹಿಂದೆ ಮನೆ. ತಾಯಿ ತೀರಿಹೋದ ಮೇಲೆ ಒಬ್ಬಳೇ. ಮಧ್ಯಾಹ್ನ ಆ ಅಂಗಡಿಯ ಬೆಂಚಿನಲ್ಲಿ ಕೂತು ಹಳೆಯ ಪೇಪರು ಓದುವುದು ನನ್ನ ರೂಢಿ. ಅಲ್ಲಿನ ಮೌನ ನನಗೆ ಇಷ್ಟ. ಮಷೀನು ಓಡುವಾಗ ಅದು ಒಂದು ಬಗೆ, ನಿಂತಾಗ ಇನ್ನೊಂದು ಬಗೆ, ಅವಳು ಹಲ್ಲಿನಲ್ಲಿ ದಾರ ಕಡಿಯುವಾಗ ಮತ್ತೊಂದು. ನಾನು ಬಂದಾಗ ಅವಳು ಬೆಂಚಿನ ಮೇಲಿನ ಬಟ್ಟೆ ಸರಿಸುತ್ತಾಳೆ, ಹೋಗುವಾಗ ನಾನು ಪೇಪರು ಮಡಚಿಡುತ್ತೇನೆ. ನಮ್ಮ ನಡುವೆ ನಡೆದದ್ದು ಅಷ್ಟೇ. ಶಾಲೆ ಶುರುವಾಗುವ ಹೊತ್ತಿನಲ್ಲಿ ಯೂನಿಫಾರ್ಮುಗಳ ರಾಶಿ ಬಿದ್ದಿತ್ತು. ಒಂದು ದಿನ ಬೆಳಗಿನಿಂದ ಅವಳು ಏನೂ ತಿಂದಿಲ್ಲ ಎಂದು ಸೂಜಿಗೆ ದಾರ ಪೋಣಿಸುವಾಗ ಮತ್ತೆ ಮತ್ತೆ ತಪ್ಪಿದ್ದರಲ್ಲೇ ಗೊತ್ತಾಯಿತು. ಕೇಳದೆಯೇ ಎದ್ದು ಒಳಗೆ ಹೋದೆ. ಅಲ್ಲಿ ಇದ್ದದ್ದು ಅರೆ ಹಣ್ಣಾದ ಒಂದು ಬಾಳೆಕಾಯಿ, ಒಂದಿಷ್ಟು ಎಳ್ಳು, ಬೆಲ್ಲ, ಹುಣಸೆಹಣ್ಣು, ಒಂದೆರಡು ಹಿಡಿ ಅವಲಕ್ಕಿ. ಬಾಳೆಕಾಯಿ ಬೇಯಿಸಲು ಹೋಗಿ ಸುಟ್ಟೆ. ಸುಟ್ಟದ್ದನ್ನೇ ಕಿವುಚಿ ಗೊಜ್ಜು ಮಾಡಿ, ಅವಲಕ್ಕಿಯ ಜೊತೆ ತಂದಿಟ್ಟೆ. ಅವಳು ಪೆಡಲಿನಿಂದ ಕಾಲು ತೆಗೆಯದೆ ತಿಂದಳು, ಬಟ್ಟಲನ್ನು ಬೆರಳಿನಿಂದ ಒರೆಸಿದಳು.

“ಯಾವೂರಿಂದು ಇದು?” ಎಂದು ಕೇಳಿದಳು.

“ಗೊತ್ತಿಲ್ಲ,” ಎಂದೆ.

ಅದರ ರುಚಿ ಸುಟ್ಟದ್ದರಿಂದ ಬಂತೋ ಇಲ್ಲ ಅವಳು ಒರೆಸಿದ ರೀತಿಯಿಂದ ನನಗೆ ಹಾಗೆ ಕಂಡಿತೋ ಎಂದು ಪರೀಕ್ಷಿಸಲು ಅಕ್ಕನ ಒಲೆಯಲ್ಲಿ ಮತ್ತೆ ಮಾಡಿ ಸಿಕ್ಕಿಬಿದ್ದೆ. ಈಗ ಹಲಗೆಯ ಮೇಲೆ ನಾರ್ವೆ ಕೂತಿತ್ತು. ಅಕ್ಕ ಜಗಲಿಗೆ ಸುಣ್ಣ ಹೊಡೆಸಿದ್ದಳು, ಬೀದಿಯವರಿಂದೆಲ್ಲ ಚಾಪೆ ತಂದಿದ್ದಳು, ಮೊರದ ತುಂಬ ಅಕ್ಕಿ, ಕೊಬ್ಬರಿ, ಹಸಿರು ಬಳೆ ಜೋಡಿಸಿ ಮಡಿಲಕ್ಕಿ ಸಿದ್ಧ ಮಾಡಿದ್ದಳು. ಸಾಲದ್ದಕ್ಕೆ ಪಕ್ಕದೂರಿನ ನಿವೃತ್ತ ಸರ್ವೇಯರ್ ಸಿದ್ದವೀರಪ್ಪನವರಿಗೆ ಹೇಳಿಕಳಿಸಿದ್ದಳು. ಅವರಿಗೆ ಮದುವೆಗೆ ಬಂದ ಮಗಳಿದ್ದಳು. “ತವರು ಮನೆ ಹುಡುಗ ಅಂದ್ರೆ ಬೇಡ ಅನ್ನೋರು ಯಾರೋ? ಬಂದು ತಿಂದು, ಅತ್ಕೊಂಡು ನಮ್ಮ ಜಗಲಿಗೆ ಬರಲಿ. ಅಳೋ ಹೊತ್ತಲ್ಲೇ ಮಾತು ಮುಗಿಸಿಬಿಡ್ತೀನಿ,” ಎಂದಳು. ನಾಳೆ ಜನ ಈ ಜಗಲಿ ದಾಟಿ ಹೋದರೆ, ವಿರೂಪಾಕ್ಷನಿಗೆ ಆ ಮನೆಯ ಒಲೆಯ ಹತ್ತಿರ ಏನು ಕೆಲಸ ಎಂದು ಊರು ಕೇಳುತ್ತದೆ. ಉತ್ತರ ಕೊಡಬೇಕಾದವಳು ಮಂದಾಕಿನಿ. ಆ ಮೇಲೆ ನನಗೆ ಆ ಬೆಂಚು ಉಳಿಯುವುದಿಲ್ಲ. ನನಗೆ ಜಗತ್ತಿನಲ್ಲಿ ಬೇಕಾದ ಜಾಗ ಅದೊಂದೇ ಆಗಿತ್ತು.

ಆ ಮಧ್ಯಾಹ್ನ ಅವಳಿಗಾದರೂ ಹೇಳಬೇಕೆಂದು ಹೋದೆ. ಅವಳು ಬಟ್ಟೆ ಸರಿಸಿದಳು.

“ನಾಳೆ ನಿಮ್ಮ ನಾರ್ವೆ ಅಂತೆ,” ಎಂದಳು.

“ಹೂಂ.”

“ನನಗೆ ಹೋಟೆಲಿಗೆ ಬರೋಕೆ ಪುರುಸೊತ್ತಿಲ್ಲ. ಒಂದು ಬಟ್ಟಲು ಇಲ್ಲಿಗೇ ತಂದ್ಕೊಡಿ.”

ಬಾಯಿ ತೆರೆದೆ. ಅಷ್ಟರಲ್ಲಿ ಮಷೀನು ಓಡತೊಡಗಿತು. ಪೇಪರು ಮಡಚಿಟ್ಟು ಬಂದೆ.

ಬೆಳಿಗ್ಗೆ ವಿಶ್ವಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೋಮಲಿಂಗಣ್ಣ ಹಳೆಯ ಕ್ಯಾಲೆಂಡರಿನ ಹಿಮಪರ್ವತವನ್ನು ಗೋಡೆಗೆ ಅಂಟಿಸಿದ್ದರು, ಸಪ್ಲೈಯರಿಗೆ ಮಂಕಿ ಟೋಪಿ ಹಾಕಿಸಿದ್ದರು. ಅವನು ಬೆವರುತ್ತ ಇಡ್ಲಿ ಹಂಚುತ್ತಿದ್ದ. ಸಿದ್ದವೀರಪ್ಪನವರು ನಡುವಿನ ಮೇಜಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. “ಜೀವಮಾನವೆಲ್ಲ ಸರಪಳಿ ಹಿಡಿದು ನೆಲ ಅಳೆದವನು ನಾನು,” ಎಂದು ನನಗೆ ಹೇಳಿದರು. “ನನ್ನ ಕಾಲು ನಾನು ಹೇಳಿದ ಕಡೆಗೆ ಮಾತ್ರ ಹೋಗೋದು. ನಿಮ್ಮೂರಿನ ಈ ಅಳು ನನಗೆ ಹತ್ತೋದಿಲ್ಲ.” ಗೊಜ್ಜಿನಲ್ಲಿ ಇಡ್ಲಿ ಅದ್ದಿದರು. ಮೊದಲ ತುತ್ತಿಗೆ ತಲೆ ಆಡಿಸಿದರು. ಆಮೇಲಿನ ತುತ್ತು ಕೈಯಲ್ಲೇ ನಿಂತಿತು.

“ಏನೋ ಸದ್ದು ಕೇಳಿಸ್ತಿದೆ,” ಎಂದರು. “ಟಕಟಕ ಅಂತ. ಮಷೀನಿಂದು.”

“ನಾರ್ವೆನಾಗೆ ಫ್ಯಾಕ್ಟ್ರಿ ಜಾಸ್ತಿ ಸಾರ್,” ಎಂದರು ಸೋಮಲಿಂಗಣ್ಣ.

“ಹೊಸ ಬಟ್ಟೆ ವಾಸನೆ,” ಎಂದು ಪಕ್ಕದ ಮೇಜಿನಿಂದ ಯಾರೋ ಬಿಕ್ಕಿದರು. “ಸೀಮೆಸುಣ್ಣದ ವಾಸನೆ.”

ಸಿದ್ದವೀರಪ್ಪನವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟರು. ಅವರು ಕೈಯನ್ನೂ ತೊಳೆಯದೆ ಎದ್ದರು. ಹೋಟೆಲೂ ಎದ್ದಿತು. ಕಾಲುಗಳು ಹೊಸಿಲಿನಲ್ಲಿ ನಿಲ್ಲದೆ ಬೀದಿಗೆ ಇಳಿದಾಗ ಸೋಮಲಿಂಗಣ್ಣ ಹಿಗ್ಗಿ, “ಊರೊಳಗೇ ಐತೆ ಕಣ್ರೋ, ನಾನು ಹೇಳಿರ್ಲಿಲ್ವಾ, ಚಂದ್ರಮತಮ್ಮನ ಮನೆ,” ಎಂದು ಮುಂದೆ ಓಡಿದರು. ನಾನು ಮಂದಾಕಿನಿ ಕೇಳಿದ್ದ ಬಟ್ಟಲು ಹಿಡಿದು ಎಲ್ಲರ ಹಿಂದೆ ನಡೆದೆ. ಗೊಜ್ಜನ್ನು ಮುಟ್ಟಿರಲಿಲ್ಲ. ಆ ದಾರಿಗೆ ನನಗೆ ಗೊಜ್ಜು ಬೇಕಿರಲಿಲ್ಲ.

ಅಕ್ಕ ರೇಷ್ಮೆ ಸೀರೆಯುಟ್ಟು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಜನ ಅವಳ ಮುಂದೆ ಹಾದು ಹೋಗತೊಡಗಿದರು. ಕೆಲವರು ಮರ್ಯಾದೆಗೆ ಆರತಿ ತೆಗೆದುಕೊಂಡು ಮುಂದೆ ನಡೆದರು.

“ಸಾರ್, ಇದೇ ಮನೆ,” ಎಂದು ಅಕ್ಕ ಸಿದ್ದವೀರಪ್ಪನವರನ್ನು ತಡೆದಳು.

“ಆಮೇಲೆ ಬರ್ತೀನಿ ತಾಯಿ. ಅರ್ಜೆಂಟಾಗಿ ಮನೆಗೆ ಹೋಗ್ತಿದೀನಿ.”

“ಇದೇ ಸಾರ್ ನಿಮ್ಮ ತವರು. ಚಾಪೆ ಹಾಸಿದೀನಿ.”

“ನಮ್ಮ ಮನೆ ನನಗೆ ಗೊತ್ತಾಗಲ್ವೇನಮ್ಮ?” ಎಂದು ಕಣ್ಣೊರೆಸಿಕೊಳ್ಳುತ್ತ ಅವರು ತಿರುವು ದಾಟಿದರು.

ನಾನು ತಲುಪುವ ಹೊತ್ತಿಗೆ ಹೊಲಿಗೆ ಅಂಗಡಿಯ ಮುಂದೆ ಚಪ್ಪಲಿಗಳ ಗುಡ್ಡೆ ಬಿದ್ದಿತ್ತು. ಒಬ್ಬೊಬ್ಬರಾಗಿ ಒಳಗೆ ಹೋಗಿ ಒಲೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಸಿದ್ದವೀರಪ್ಪನವರು ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಈ ಗೋಡೆ ಎಷ್ಟು ಕಪ್ಪಾಗಿಹೋಗಿದೆ, ನಾನಿಲ್ಲದೆ ಯಾರೂ ನೋಡಿಕೊಂಡಿಲ್ಲ ಎಂದು ಅಳುತ್ತಿದ್ದರು. ಮಂದಾಕಿನಿ ಕೊರಳಲ್ಲಿ ಟೇಪು ಹಾಕಿಕೊಂಡು, ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಮಷೀನಿನ ಪಕ್ಕ ನಿಂತಿದ್ದಳು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. ನನ್ನ ಕೈಯ ಬಟ್ಟಲು ತೆಗೆದುಕೊಂಡು, ಬೆರಳು ಅದ್ದಿ ರುಚಿ ನೋಡಿದಳು. ನನ್ನ ಮುಖ ನೋಡಿದಳು. ಇಷ್ಟನ್ನೂ ಊರು ನೋಡಿತು.

ಅಷ್ಟರಲ್ಲಿ ಅಕ್ಕ ಆರತಿ ತಟ್ಟೆಯ ಸಮೇತ ಬಂದಳು. “ವಿರೂ, ಈ ಮನೆ ಒಲೆ ಮುಂದೆ ನೀನೇನೋ ಮಾಡ್ತಿದ್ದೆ?”

“ಗೊಜ್ಜು ಮಾಡ್ತಿದ್ರು,” ಎಂದಳು ಮಂದಾಕಿನಿ.

“ಅದು ಕಾಣ್ತಿದೆಯಲ್ಲಮ್ಮ. ಯಾಕೆ ಅಂತ ಕೇಳ್ತಿರೋದು.”

“ಅವರನ್ನೇ ಕೇಳಿ. ನಾನೂ ಕೇಳಿಸ್ಕೋತೀನಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಸಿದ್ದವೀರಪ್ಪನವರೂ ಅಳು ನಿಲ್ಲಿಸಿ ಕತ್ತು ಚಾಚಿದರು. ನಾನು ಓದಿದ ಪುಸ್ತಕಗಳಲ್ಲಿ ಈ ಜಾಗಕ್ಕೆ ಬೇಕಾದ ವಾಕ್ಯಗಳು ಎಷ್ಟೋ ಇದ್ದವು. ಮಷೀನಿನ ಚಕ್ರ ನೋಡಿದೆ. ಬೆಂಚು ನೋಡಿದೆ.

“ಬಾಳೆಕಾಯಿ ಹಣ್ಣಾಗ್ತಿತ್ತು,” ಎಂದೆ.

ಹಿಂದಿನಿಂದ ಯಾರೋ ನಕ್ಕರು. ಮಂದಾಕಿನಿ ನಗಲಿಲ್ಲ. ಮಡಿಲು ತುಂಬಲು ಅವಳ ಮನೆಯಲ್ಲಿ ಅಷ್ಟು ಅಕ್ಕಿ ಎಲ್ಲಿ ಬರಬೇಕು? ಕತ್ತರಿಸಿ ಉಳಿದ ನೀಲಿ ಯೂನಿಫಾರ್ಮ್ ಬಟ್ಟೆಯ ಚೂರು, ಅದರ ಮೇಲೆ ಒಂದು ಗುಂಡಿ, ಹೀಗೆ ಸಾಲಾಗಿ ಹಾಕುತ್ತ ಹೋದಳು. ಹಾಕಿದ ಕೂಡಲೇ ಜನ ಎಚ್ಚರಾದವರಂತೆ ಸುತ್ತ ನೋಡಿ ಚಪ್ಪಲಿ ಹುಡುಕತೊಡಗಿದರು. ಸಿದ್ದವೀರಪ್ಪನವರು ಗುಂಡಿಯನ್ನು ಜೇಬಿಗೆ ಹಾಕಿಕೊಂಡು, ಮೂಗೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿದರು. “ಚಂದ್ರಮತಮ್ಮ,” ಎಂದರು, “ನಾನು ಸರ್ವೇಯರ್. ಕಲ್ಲು ನೆಟ್ಟಿರೋ ಹೊಲಕ್ಕೆ ಮತ್ತೆ ಅಳತೆ ಹಿಡಿಯೋದಿಲ್ಲ. ನಮ್ಮ ಹುಡುಗಿಗೆ ಬೇರೆ ಕಡೆ ನೋಡ್ತೀನಿ.”

ಆಮೇಲೆ ದಿನವೂ ಜನ ಬರತೊಡಗಿದರು. ತಿಂಡಿಯ ಹೊತ್ತಿಗೆ ಒಂದು ಸಾಲು, ಸಂಜೆ ಮತ್ತೊಂದು. ಯೂನಿಫಾರ್ಮುಗಳು ಹೊಲಿಯದೆ ಉಳಿದವು, ಮಕ್ಕಳು ಬಣ್ಣದ ಅಂಗಿಯಲ್ಲೇ ಶಾಲೆಗೆ ಹೋದರು. ಗುಂಡಿ ಮುಗಿದು ಹುಕ್ಕು ಹಾಕಿದಳು, ಹುಕ್ಕು ಮುಗಿದು ಬರೀ ದಾರದ ತುಂಡು. ನನ್ನ ಬೆಂಚಿನ ಮೇಲೆ ಯಾವಾಗಲೂ ಯಾರೋ ಅಳುತ್ತ ಕೂತಿರುತ್ತಿದ್ದರು.

“ನಾಳೆಯಿಂದ ಬರಬೇಡಿ,” ಎಂದು ಮಂದಾಕಿನಿ ಒಂದು ದಿನ ನನಗೆ ಹೇಳಿದಳು. “ಜಾಗ ಇಲ್ಲ.” ದಾರದ ಉಂಡೆ ಕೈಗೆತ್ತಿಕೊಂಡು, “ನಿಮಗೆ ಮೊದಲೇ ಗೊತ್ತಿತ್ತಲ್ಲ?” ಎಂದಳು.

“ಹೂಂ.”

“ಒಂದು ಮಾತು ಹೇಳಬಹುದಿತ್ತು.”

ಆ ಒಂದು ಮಾತು ಯಾವುದೆಂದು ನಾನು ಹುಡುಕುತ್ತಿರುವಾಗ ಅವಳು ಇನ್ನೊಬ್ಬರ ಮಡಿಲಿಗೆ ದಾರ ಹಾಕಲು ಹೋದಳು.

ನೇರವಾಗಿ ವಿಶ್ವಭವನಕ್ಕೆ ಹೋಗಿ, ಒದ್ದೆ ಬಟ್ಟೆ ತೆಗೆದುಕೊಂಡು ಹಲಗೆಯ ಮೇಲಿನ ನಾರ್ವೆಯನ್ನು ಉಜ್ಜಿದೆ. ಬಣ್ಣ ಒಣಗಿಹೋಗಿತ್ತು, ಉಗುರಿನಿಂದ ಕೆರೆದೆ.

“ಏನಯ್ಯ ಮಾಡ್ತಿದೀಯ?” ಎಂದರು ಸೋಮಲಿಂಗಣ್ಣ.

“ಬರೀ ಗೊಜ್ಜು ಅಂತಿರಲಿ.”

“ಅಷ್ಟು ಚೆನ್ನಾಗಿ ಓಡ್ತಿದ್ದ ದೇಶವನ್ನ ಕೆರೆದು ಹಾಕ್ತಾ ಇದೀಯಲ್ಲೋ.” ಆದರೆ ಅವರು ಏಳಲಿಲ್ಲ. ತಿಂದ ಜನ ಕೈ ಕೂಡ ತೊಳೆಯದೆ ಎದ್ದು ಹೋಗುವುದು, ಅದೂ ಇನ್ನೊಬ್ಬರ ಮನೆಗೆ, ಅವರಿಗೂ ಸಾಕಾಗಿತ್ತು. ಮರುದಿನದಿಂದ ಅದು ಬರೀ ಗೊಜ್ಜಾಯಿತು. ತಿಂದವರು ತೇಗಿ ಮನೆಗೆ ಹೋದರು. ಮಷೀನು ಮತ್ತೆ ಓಡುವುದು ನಮ್ಮ ಜಗಲಿಗೆ ಕೇಳಿಸುತ್ತಿತ್ತು.

ನಾನು ಆ ಕಡೆ ಹೋಗಲಿಲ್ಲ. ಅಕ್ಕ ನನ್ನೊಡನೆ ಮಾತು ಬಿಟ್ಟಿದ್ದಳು, ಮಡಿಲಕ್ಕಿಯ ಮೊರ ನಡುಮನೆಯ ಮೂಲೆಯಲ್ಲಿ ಧೂಳು ಹಿಡಿಯುತ್ತಿತ್ತು. ಮೌನವನ್ನು ನಾನು ಇಷ್ಟಪಡುವವನು ಎಂದು ನನ್ನ ಬಗ್ಗೆ ನನಗೇ ಒಂದು ಹೆಮ್ಮೆಯಿತ್ತು. ಅಕ್ಕನ ಮೌನದಲ್ಲಿ ಎರಡು ಹೊತ್ತು ಊಟ ಮಾಡಿದ ಮೇಲೆ ಆ ಹೆಮ್ಮೆ ಹೋಯಿತು. ನನಗೆ ಇಷ್ಟವಿದ್ದದ್ದು ಮೌನವಲ್ಲ, ಮೌನದಲ್ಲಿ ಎದುರಿಗೆ ಕೂತವಳು.

ಒಂದು ಮಧ್ಯಾಹ್ನ ಅಕ್ಕ ಸೊಪ್ಪು ಸೋಸುತ್ತಿದ್ದಳು, ನಾನು ಕಂಬಕ್ಕೆ ಒರಗಿ ಕೂತಿದ್ದೆ. ಮಷೀನಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮಂದಾಕಿನಿ ನಮ್ಮ ಜಗಲಿಯ ಮುಂದೆ ಬಂದು ನಿಂತಳು. ಕೊರಳಲ್ಲಿ ಟೇಪು ಹಾಗೆಯೇ ಇತ್ತು. ಬೆರಳಿನಲ್ಲಿ ಸುಟ್ಟ ಬಾಳೆಕಾಯಿಯ ವಾಸನೆ.

“ನಾರ್ವೆ ಗೊಜ್ಜು ಮಾಡಿದ್ದೆ,” ಎಂದಳು. “ನಮ್ಮ ಒಲೇಲೇ ಮಾಡಿ, ನಾನೇ ಹೆಸರಿಟ್ಟು, ಅಲ್ಲೇ ಕೂತು ತಿಂದೆ. ತವರು ಹಿಡೀತು. ಕಾಲು ಇಲ್ಲಿಗೆ ಕರ್ಕೊಂಡ್ಬಂತು.”

ಅಕ್ಕ ಬಾಯಿ ತೆರೆದಳು. ಏನು ಹೇಳಲು ತೆರೆದಳೆಂದು ನನಗೆ ಗೊತ್ತು. ಆದರೆ ಅವಳು ಮಂದಾಕಿನಿಯ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಬಾಯಿ ಮುಚ್ಚಿ, ಸೊಪ್ಪು ಕೆಳಗಿಟ್ಟು ಒಳಗೆ ಹೋದಳು. ಮೊರದ ಧೂಳು ಊದಿ ತಂದು ನನ್ನ ಕೈಗಿಟ್ಟಳು. ಮಂದಾಕಿನಿ ಸೆರಗು ಒಡ್ಡಿದಳು. ನಾನು ಅಕ್ಕಿ ಹಾಕಿದೆ, ಕೊಬ್ಬರಿ ಹಾಕಿದೆ, ಬಳೆ ಹಾಕಿದೆ. ಹಾಕುವುದು ಮುಗಿದ ಮೇಲೂ ಅವಳು ಸೆರಗು ಒಡ್ಡಿಯೇ ನಿಂತಿದ್ದಳು, ಆದ್ದರಿಂದ ಮತ್ತೊಂದು ಹಿಡಿ ಅಕ್ಕಿ ಹಾಕಿದೆ.

“ತುಂಬಿದ ಕೂಡಲೇ ಇಳೀಬೇಕು,” ಎಂದಳು ಅಕ್ಕ. “ಇಳೀತೇನಮ್ಮ?”

“ಇಲ್ಲ,” ಎಂದಳು ಮಂದಾಕಿನಿ. “ಸ್ವಲ್ಪ ಹೊತ್ತು ಕೂತ್ಕೋತೀನಿ.”

ಅಕ್ಕ ಚಾಪೆ ಹಾಸಿದಳು. ಮಷೀನು ಆ ದಿನ ಮತ್ತೆ ಓಡಲಿಲ್ಲ.

ಈಗ ನನಗೆ ಬೆಂಚು ಬೇಕಿಲ್ಲ, ನಾನು ಆ ಮನೆಯ ಒಳಗೇ ಇದ್ದೇನೆ. ಗುಂಡಿ ಹಚ್ಚುತ್ತೇನೆ, ಅಡುಗೆ ಮಾಡುತ್ತೇನೆ. ಅಳತೆ ಕೊಡಲು ಬಂದ ಹೆಂಗಸರು ನಮ್ಮ ಮದುವೆ ಹೇಗಾಯಿತು ಎಂದು ಕೇಳಿದರೆ, ಅವಳು ದಾರ ಕಡಿಯುತ್ತ, ನಾರ್ವೆ ಗೊಜ್ಜು ತಿಂದು ತವರು ಹಿಡಿದು ಅವರ ಮನೆಗೆ ಹೋಗಿದ್ದೆ, ಕಾಲು ನನ್ನ ಮಾತು ಕೇಳಲಿಲ್ಲ ಎನ್ನುತ್ತಾಳೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆ ಗೊಜ್ಜಿನ ತವರು ಅವಳದೇ ಒಲೆ, ತವರಿನಲ್ಲಿ ಇರುವವರಿಗೆ ತವರು ಹಿಡಿಯುವುದಿಲ್ಲ ಎಂದು ನಾನು ಅವಳಿಗೆ ಯಾವತ್ತೂ ಹೇಳಲಿಲ್ಲ.